ತಲೆಕೆಳಗಾಗಿ ಮಲಗುವ ಗಿಳಿಗಳು: ಅವುಗಳ ಕುಲ ಮತ್ತು ನೆಲೆ

(ಶತಮಾನೋತ್ಸವದ ಉಪನ್ಯಾಸಮಾಲೆಯಲ್ಲಿ ಶಾಲೆಯ ಮುಖ್ಯೋಪಾಧ್ಯಾಯಿನಿಯವರು ನೀಡಿದ ಉಪನ್ಯಾಸದ ಲಿಖಿತರೂಪ)



ಇಂದಿನ ಉಪನ್ಯಾಸದ ವಿಷಯವನ್ನು ಆಮಂತ್ರಣ ಪತ್ರಿಕೆಯಲ್ಲಿ ಓದಿದವರಲ್ಲಿ ಕೆಲವರಿಗಾದರೂ, ಕನ್ನಡದಲ್ಲಿ ಎಂ.ಎ. ಮಾಡಿದ ಅಧ್ಯಾಪಿಕೆಗೆ ಗಿಳಿಗಳ ವರ್ಗೀಕರಣದ ಗೊಡವೆ ಏಕೆಂದು ಅನ್ನಿಸಿರಬಹುದು. ವರ್ಗೀಕರಣವು ಹೆಸರಿಡುವ ಶಾಸ್ತ್ರ. ಯಾವುದನ್ನು ಯಾವುದರ ಜೊತೆಯಲ್ಲಿ ಸೇರಿಸಬೇಕು, ಯಾವುದನ್ನು ಬೇರೆಯೆಂದು ಬರೆಯಬೇಕು ಎಂಬ ವಿಚಾರ ಅದರ ತಿರುಳು. ನಿಘಂಟು ಮಾಡುವವರೂ ವ್ಯಾಕರಣ ಬರೆಯುವವರೂ ಮಾಡುವ ಕೆಲಸವೇ ಅದು. ಆದುದರಿಂದ ಈ ಶಾಸ್ತ್ರದಲ್ಲಿ ಭಾಷೆ ಕಲಿತವರಿಗೂ ಸ್ವಲ್ಪ ಹಕ್ಕಿದೆಯೆಂದು ಭಾವಿಸಿ, ವಿಜ್ಞಾನದ ಅಧ್ಯಾಪಕರ ಅನುಮತಿಯನ್ನು ಪಡೆದೇ ಇಲ್ಲಿ ನಿಂತಿದ್ದೇನೆ.

ನಾನು ಹೇಳಹೊರಟಿರುವುದು ದ್ವೀಪಗಳ ಗಿಳಿಗಳ ಕಥೆ. ಆದರೆ ಆ ಬಳಗದ ಒಂದು ಕವಲು ನಮ್ಮ ತೋಟಗಳಲ್ಲಿಯೇ ಇದೆ. ಅಲ್ಲಿಂದ ಹೊರಟರೆ ದಾರಿ ಸುಲಭವಾಗುತ್ತದೆ. ಪಂಜರದ ಗಿಳಿಯೆಂದು ನಾವೆಲ್ಲ ತಿಳಿದಿರುವ, ಕೊರಳಿಗೆ ಗುಲಾಬಿ ಪಟ್ಟಿಯ, ಉದ್ದ ಬಾಲದ ಹಕ್ಕಿಯ ಮಾತು ಇದಲ್ಲ. ಇದು ಗುಬ್ಬಚ್ಚಿಯಷ್ಟು ಗಾತ್ರದ್ದು. ಕೊಕ್ಕಿನಿಂದ ಬಾಲದ ತುದಿಯವರೆಗೆ ಅಳೆದರೆ 14 ಸೆಂಟಿಮೀಟರಿನಷ್ಟು. ಬಾಲ ಮೊಂಡು. ಮೈಯೆಲ್ಲ ತಳಿರಿನ ಹಸಿರು. ಬೆನ್ನಿನ ಕೆಳಭಾಗ ಕಡುಗೆಂಪು. ಗಂಡಿನ ಕೊರಳಿನಲ್ಲಿ ಒಂದು ನೀಲಿಯ ಮಚ್ಚೆ. ಹಾಲಿವಾಣವೋ ಬೂರುಗವೋ ಹೂಬಿಟ್ಟಾಗ ಅದರ ರೆಂಬೆಗಳಲ್ಲಿ ತಲೆಕೆಳಗಾಗಿ ಜೋತು ಮಕರಂದವನ್ನು ಹೀರುತ್ತದೆ. ಆಲ, ಅತ್ತಿಗಳ ಹಣ್ಣು, ಮಾವಿನ ಕೊಂಬೆಯ ಮೇಲೆ ಬೆಳೆಯುವ ಬಂದಳಿಕೆಯ ಹಣ್ಣು ಇವೂ ಅದರ ಆಹಾರ. ತೆಂಗಿನ ಮರಕ್ಕೆ ಕಟ್ಟಿದ ಮಡಕೆಯಿಂದ ಕಳ್ಳು ಕುಡಿದು ಅಮಲೇರಿಸಿಕೊಳ್ಳುವ ಇದರ ಚಾಳಿ ಪಕ್ಷಿಗಳ ಪುಸ್ತಕಗಳಲ್ಲಿಯೂ ದಾಖಲಾಗಿದೆ. (ಮಕ್ಕಳು ನಗುತ್ತಿದ್ದಾರೆ, ಈ ಭಾಗವು ಪರೀಕ್ಷೆಗಿಲ್ಲ.) ಹಾರುವಾಗ ಚೀ-ಚೀ-ಚೀ ಎಂದು ಮೂರು ಮಾತ್ರೆಯ ಕೂಗು. ಕಣ್ಣಿಗೆ ಬೀಳುವುದಕ್ಕಿಂತ ಕಿವಿಗೆ ಬೀಳುವುದೇ ಹೆಚ್ಚು. ರಾತ್ರಿಯಾದರೆ ಬಾವಲಿಯಂತೆ ಕೊಂಬೆಗೆ ಕಾಲು ಸಿಕ್ಕಿಸಿ, ತಲೆಯನ್ನು ಕೆಳಗೆ ಇಳಿಬಿಟ್ಟು ನಿದ್ರಿಸುತ್ತದೆ. ಹಸಿರೆಲೆಗಳ ನಡುವೆ ಇನ್ನೊಂದು ಎಲೆಯಂತೆ ಕಾಣುವ ಆ ಮುದ್ದೆಯನ್ನು ಹಕ್ಕಿಯೆಂದು ಗುರುತಿಸುವುದು ಕಷ್ಟ.

ಇಂಗ್ಲಿಷಿನಲ್ಲಿ ಇದನ್ನು ಹ್ಯಾಂಗಿಂಗ್ ಪ್ಯಾರಟ್ ಎನ್ನುತ್ತಾರೆ. ಈ ಉಪನ್ಯಾಸದ ಮಟ್ಟಿಗೆ ನಾನು ತೂಗುಗಿಳಿ ಎಂದು ಕರೆಯುತ್ತೇನೆ. ನಮ್ಮ ನೆರೆಯ ಮಲಯಾಳದಲ್ಲಿ ಇದಕ್ಕೆ ‘ತತ್ತಚ್ಚಿನ್ನನ್’ ಎಂಬ ಸೊಗಸಾದ ಹೆಸರಿದೆ. ತತ್ತ ಎಂದರೆ ಗಿಳಿ. ಚಿನ್ನನ್ ಎಂದರೆ ಚಿಕ್ಕವನು. ಗಿಳಿಗಳಲ್ಲಿ ಚಿಕ್ಕವನು. ವಿಶೇಷವೇನೆಂದರೆ ವಿಜ್ಞಾನಿಗಳು ಕೊಟ್ಟ ಹೆಸರಿನ ಅರ್ಥವೂ ಬಹುಮಟ್ಟಿಗೆ ಇದೇ. 1849ರಲ್ಲಿ ಈ ಕುಲಕ್ಕೆ ‘ಲೋರಿಕ್ಯುಲಸ್’ ಎಂದು ಹೆಸರಿಟ್ಟವನು ಎಡ್ವರ್ಡ್ ಬ್ಲೈತ್. ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯವನ್ನು ಎರಡು ದಶಕಗಳ ಕಾಲ ನೋಡಿಕೊಂಡ ಆ ವಿದ್ವಾಂಸನು, ಮಲಯ್ ಭಾಷೆಯಿಂದ ಬಂದ ‘ಲೋರಿ’ ಎಂಬ ಗಿಳಿಹೆಸರಿಗೆ ಲ್ಯಾಟಿನ್ನಿನ ಕಿರಿದರ್ಥದ ಪ್ರತ್ಯಯವನ್ನು ಸೇರಿಸಿದನು. ಲೋರಿಕ್ಯುಲಸ್ ಎಂದರೆ ‘ಪುಟ್ಟ ಲೋರಿ’. ಮಲಯಾಳದ ಹಳ್ಳಿಗನೂ ಕಲ್ಕತ್ತೆಯ ಪಂಡಿತನೂ ಒಬ್ಬರನ್ನೊಬ್ಬರು ಕೇಳದೆ ಒಂದೇ ಕಡೆಗೆ ಬಂದು ನಿಂತರು: ಇದು ಇನ್ನಾವುದೋ ಹಕ್ಕಿಯ ಸಣ್ಣ ರೂಪ.

ನಮ್ಮ ಏಳನೆಯ ತರಗತಿಯ ಮಕ್ಕಳು ವಿಜ್ಞಾನ ಸಂಘದ ಪಕ್ಷಿ ಪುಸ್ತಕದಲ್ಲಿ ಇದನ್ನೇ ‘ಗಿಳಿಮರಿ’ ಎಂದು ಬರೆದು, ಗಿಳಿಗಳ ಒಟ್ಟು ಲೆಕ್ಕಕ್ಕೆ ಸೇರಿಸಿದ್ದರು. ಅವರನ್ನು ನಾನು ಟೀಕಿಸುತ್ತಿಲ್ಲ. ದೊಡ್ಡವರ ಶಾಸ್ತ್ರವೂ ನೂರಾರು ವರ್ಷ ಹೀಗೆಯೇ ನಡೆದು ಬಂದಿದೆ. ಸಣ್ಣದಾಗಿ ಕಂಡುದನ್ನು ಪಕ್ಕದ ದೊಡ್ಡದರ ಲೆಕ್ಕಕ್ಕೆ ಸೇರಿಸಿಬಿಡುವ ಈ ರೂಢಿಯಿಂದ ಏನಾಗುತ್ತದೆ ಎಂಬುದನ್ನು ತೋರಿಸುವುದಕ್ಕಾಗಿಯೇ ಇಷ್ಟು ದೂರದ ದ್ವೀಪಗಳಿಗೆ ನಿಮ್ಮನ್ನು ಕರೆದೊಯ್ಯಬೇಕಾಗಿದೆ.

ಗೋಡೆಯ ಮೇಲಿನ ಭೂಪಟವನ್ನು ಒಮ್ಮೆ ನೋಡಿ. ನಮ್ಮ ತೂಗುಗಿಳಿಯ ನೆಲೆ ಪಶ್ಚಿಮಘಟ್ಟದ ಮಳೆಕಾಡು ಮತ್ತು ಅದರ ತಪ್ಪಲಿನ ತೋಟಗಳು. ಪೂರ್ವಘಟ್ಟದಲ್ಲಿ ಅಲ್ಲಲ್ಲಿ ಇದೆ. ಅನಂತರ ಈಶಾನ್ಯ ಭಾರತ, ಅಂಡಮಾನ್, ಬರ್ಮಾ, ಅಲ್ಲಿಂದ ಮುಂದೆ ಇಂಡೋಚೀನ. ದಕ್ಷಿಣಕ್ಕೆ ಇಳಿದು ಪಾಕ್ ಜಲಸಂಧಿಯನ್ನು ದಾಟಿದರೆ ಸಿಂಹಳದ್ದು ಬೇರೆಯೇ ಹಕ್ಕಿ: ನೆತ್ತಿ ಕೆಂಪು, ಅದರ ಹಿಂದೆ ಕಿತ್ತಳೆಯ ಛಾಯೆ. ಮಲಯ ಪರ್ಯಾಯದ್ವೀಪ, ಸುಮಾತ್ರಾ ಮತ್ತು ಬೋರ್ನಿಯೋಗಳಲ್ಲಿ ನೀಲಿ ನೆತ್ತಿಯದು. ಜಾವಾ ಮತ್ತು ಬಾಲಿಗಳಲ್ಲಿ ಹಳದಿ ಕೊರಳಿನದು. ಫ್ಲೋರೆಸ್ ದ್ವೀಪಕ್ಕೆ ಅದರದೇ ಆದ ಒಂದು. ಸುಲವೇಸಿಯಲ್ಲಿ ಎರಡಿವೆ; ದೊಡ್ಡದು 15 ಸೆಂಟಿಮೀಟರಿನಷ್ಟು, ಸಣ್ಣದು 11 ಸೆಂಟಿಮೀಟರನ್ನೂ ಮುಟ್ಟುವುದಿಲ್ಲ. ಅದರ ಉತ್ತರದ ಸಂಗಿಹೆ ದ್ವೀಪಕ್ಕೆ ಒಂದು, ಪೂರ್ವದ ಸೂಲಾ ದ್ವೀಪಗಳಿಗೆ ಒಂದು, ಲವಂಗದ ನಾಡಾದ ಹಲ್ಮಹೆರಾಕ್ಕೆ ಮತ್ತೊಂದು. ನ್ಯೂಗಿನಿಯಲ್ಲಿ ಹಣೆಗೆ ಕಿತ್ತಳೆ ಬಣ್ಣ ಬಳಿದುಕೊಂಡದ್ದು. ಅದರಾಚೆ ಶಾಂತ ಸಾಗರದ ಬಿಸ್ಮಾರ್ಕ್ ದ್ವೀಪಸಮೂಹದಲ್ಲಿ ಈ ಬಳಗದ ಕೊನೆಯ ಮನೆ. ನಮ್ಮ ತೋಟದಿಂದ ಅಲ್ಲಿಗೆ 8,000 ಕಿಲೋಮೀಟರಿಗೂ ಹೆಚ್ಚು ದೂರ. ಫಿಲಿಪ್ಪೀನ್ಸನ್ನು ಬೇಕೆಂದೇ ಬಿಟ್ಟಿದ್ದೇನೆ. ಮುಖ್ಯ ಪ್ರಕರಣ ಅಲ್ಲಿಯದು.

ಇಷ್ಟರಲ್ಲಿ ಒಂದು ಸಂಗತಿ ನಿಮ್ಮ ಗಮನಕ್ಕೆ ಬಂದಿರಬೇಕು. ಈ ಕುಲದಲ್ಲಿ ಭೂಖಂಡದ ನೆಲವನ್ನು ಮುಟ್ಟಿರುವ ಪ್ರಭೇದಗಳು ಎರಡೇ: ನಮ್ಮದು ಮತ್ತು ಮಲಯದ್ದು. ಉಳಿದುವೆಲ್ಲ ದ್ವೀಪವಾಸಿಗಳು. ಒಟ್ಟು ಪ್ರಭೇದಗಳು ಎಷ್ಟೆಂದು ಕೇಳಿದರೆ 13 ಎನ್ನುವ ಪಟ್ಟಿಯಿದೆ, 14 ಎನ್ನುವುದಿದೆ, 15ಕ್ಕೆ ಏರಿಸುವವರೂ ಇದ್ದಾರೆ. ಗಣಿತದ ಅಧ್ಯಾಪಕರು ಹುಬ್ಬೇರಿಸುವುದು ಬೇಡ. ಎಣಿಸುವವರಿಗೆ ಲೆಕ್ಕ ಬರುವುದಿಲ್ಲವೆಂದು ಇದರ ಅರ್ಥವಲ್ಲ. ಯಾವುದನ್ನು ಒಂದು ಎಂದು ಹಿಡಿಯಬೇಕೆಂಬಲ್ಲಿಯೇ ಭಿನ್ನಾಭಿಪ್ರಾಯ.

ಹಂಚಿಕೆಯ ಈ ಚಿತ್ರ ಹೀಗೇಕೆ ಇದೆ? ಇದಕ್ಕೆ ಉತ್ತರ ಸಮುದ್ರದ ಆಳದಲ್ಲಿದೆ. ಕಳೆದ ಹಿಮಯುಗದ ಉತ್ತುಂಗದಲ್ಲಿ, ಸುಮಾರು 20,000 ವರ್ಷಗಳ ಹಿಂದೆ, ನೀರು ಹಿಮವಾಗಿ ನೆಲದ ಮೇಲೆ ಕುಳಿತಿದ್ದುದರಿಂದ ಸಮುದ್ರದ ಮಟ್ಟ ಇಂದಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಆಗ ಸುಮಾತ್ರಾ, ಬೋರ್ನಿಯೋ, ಜಾವಾಗಳು ಮಲಯದೊಂದಿಗೆ ಕೂಡಿಕೊಂಡು ಒಂದೇ ನೆಲವಾಗಿದ್ದವು. ನೀಲಿ ನೆತ್ತಿಯ ಒಂದೇ ಗಿಳಿ ಮಲಯ, ಸುಮಾತ್ರಾ, ಬೋರ್ನಿಯೋ ಮೂರರಲ್ಲಿಯೂ ಹರಡಿರುವುದು ಆ ಕಾಲದ ನೆನಪಿನಂತಿದೆ. ಸುಲವೇಸಿ, ಫಿಲಿಪ್ಪೀನ್ಸ್, ಹಲ್ಮಹೆರಾಗಳ ಸುತ್ತ ಸಮುದ್ರ ಬಲು ಆಳ; ಅಲ್ಲಿಗೆ ನೆಲದ ಸೇತುವೆ ಬೀಳಲೇ ಇಲ್ಲ. ಎಂದೋ ಗಾಳಿಗೆ ಸಿಕ್ಕಿಯೋ ಹೊಟ್ಟೆಪಾಡಿಗೋ ದಾಟಿ ಬಂದ ಹಕ್ಕಿಗಳು ಅಲ್ಲಲ್ಲಿ ಉಳಿದು, ಹೊರಗಿನವರ ಸಂಪರ್ಕವಿಲ್ಲದೆ, ತಲೆಮಾರು ಕಳೆದಂತೆ ತಮ್ಮದೇ ಬಣ್ಣ, ತಮ್ಮದೇ ಅಳತೆಯನ್ನು ಪಡೆದವು.

ಸಿಂಹಳದ್ದು ಮಾತ್ರ ಈ ಸೂತ್ರಕ್ಕೆ ಹೊಂದುವುದಿಲ್ಲ. ಅದೇ ಹಿಮಯುಗದಲ್ಲಿ ನಮಗೂ ಅವರಿಗೂ ನಡುವಣ ಆಳವಿಲ್ಲದ ಕಡಲು ಬತ್ತಿ ನಡೆದು ಹೋಗುವಂತಿತ್ತು. ಆದರೂ ಅಲ್ಲಿಯದು ಬೇರೆ, ನಮ್ಮದು ಬೇರೆ. ಇದಕ್ಕೆ ನನಗೆ ಒಪ್ಪಿಗೆಯಾಗುವ ವಿವರಣೆ ಇದು: ಮಲಬಾರಿನ ಮಳೆಕಾಡಿಗೂ ಸಿಂಹಳದ ನೈರುತ್ಯದ ಮಳೆಕಾಡಿಗೂ ನಡುವೆ ತಮಿಳುನಾಡಿನ ಒಣ ಬಯಲೂ ಸಿಂಹಳದ ಉತ್ತರದ ಒಣ ಸೀಮೆಯೂ ಅಡ್ಡ ಬಿದ್ದಿವೆ. ಹೂವು, ಹಣ್ಣು, ತೇವದ ನೆರಳು ಇವನ್ನೇ ನೆಚ್ಚಿದ ಹಕ್ಕಿಗೆ ನೂರಾರು ಮೈಲಿಯ ಒಣಭೂಮಿಯೂ ಒಂದು ಕಡಲೇ. ನೀರು ಸುತ್ತುವರಿಯದೆಯೂ ದ್ವೀಪಗಳು ಆಗುತ್ತವೆ.

ಹೆಸರಿಟ್ಟವರ ಕಥೆಯನ್ನು ಸ್ವಲ್ಪ ಹೇಳಿ ಮುಂದೆ ಹೋಗುತ್ತೇನೆ. ಮಲಯದ ಗಿಳಿಗೆ 1758ರಲ್ಲಿ ಸ್ವೀಡನ್ನಿನ ಲಿನೇಯಸ್ ಹೆಸರಿಟ್ಟನು. ಸಿಂಹಳದ್ದಕ್ಕೆ 1781ರಲ್ಲಿ ಫಾರ್ಸ್ಟರ್, ಪಚ್ಚೆಯ ಬಳಗದ ಬೆರಿಲ್ ಎಂಬ ರತ್ನದ ಹೆಸರನ್ನು ಕೊಟ್ಟನು. ನಮ್ಮ ಹಕ್ಕಿಗೆ 1787ರಲ್ಲಿ ಸ್ಪಾರ್ಮನ್ ಇಟ್ಟ ಹೆಸರು ‘ವರ್ನಾಲಿಸ್’, ಎಂದರೆ ವಸಂತದ್ದು. ಚಿಗುರು ಹಸಿರಿನ ಹಕ್ಕಿಗೆ ಇದಕ್ಕಿಂತ ಒಪ್ಪುವ ಹೆಸರು ಇರಲಾರದು. ಈ ಫಾರ್ಸ್ಟರನೂ ಸ್ಪಾರ್ಮನನೂ ಕ್ಯಾಪ್ಟನ್ ಕುಕ್‌ನ ಎರಡನೆಯ ಸಮುದ್ರಯಾನದಲ್ಲಿ ಒಂದೇ ಹಡಗಿನಲ್ಲಿದ್ದವರು. ದಕ್ಷಿಣ ಧ್ರುವದ ಹಿಮಗಡ್ಡೆಗಳ ನಡುವೆ ಜೊತೆಯಾಗಿ ನಡುಗಿದ ಇಬ್ಬರು, ಮುಂದೆ ಪಾಕ್ ಜಲಸಂಧಿಯ ಎರಡು ದಡದ ಎರಡು ಹಸಿರು ಗಿಳಿಗಳಿಗೆ ಹೆಸರಿಟ್ಟರೆಂಬುದು ನನಗೆ ಚೋದ್ಯವೆನಿಸುತ್ತದೆ. ಅನಂತರ ಬಂದವನು ಆಲ್ಫ್ರೆಡ್ ರಸೆಲ್ ವ್ಯಾಲೇಸ್. ಮಲಯ ದ್ವೀಪಸಮೂಹದಲ್ಲಿ ಎಂಟು ವರ್ಷ ಅಲೆದ ಅವನು ಹಲ್ಮಹೆರಾ, ಸೂಲಾ, ಫ್ಲೋರೆಸ್‌ಗಳ ತೂಗುಗಿಳಿಗಳನ್ನು 1862, 1863, 1864 ಹೀಗೆ ವರ್ಷಕ್ಕೊಂದರಂತೆ ಲೋಕಕ್ಕೆ ಪರಿಚಯಿಸಿದನು. ಏಷ್ಯಾದ ಪ್ರಾಣಿಗಳಿಗೂ ಆಸ್ಟ್ರೇಲಿಯಾದ ಕಡೆಯ ಪ್ರಾಣಿಗಳಿಗೂ ನಡುವೆ ಅವನು ಎಳೆದ ಗೆರೆ ಬಾಲಿಯ ಪೂರ್ವಕ್ಕೆ, ಬೋರ್ನಿಯೋ–ಸುಲವೇಸಿಗಳ ನಡುವೆ ಹಾಯುತ್ತದೆಂದು ಹತ್ತನೆಯ ತರಗತಿಯವರಿಗೆ ಗೊತ್ತಿದ್ದರೆ ಸಂತೋಷ. ಹುಲಿ ಆ ಗೆರೆಯನ್ನು ದಾಟಲಿಲ್ಲ. ಗುಬ್ಬಚ್ಚಿಯಷ್ಟು ಗಾತ್ರದ ಈ ಗಿಳಿ ಗೆರೆಯ ಎರಡೂ ಕಡೆ ಮನೆ ಮಾಡಿದೆ.

ಬ್ಲೈತನ ‘ಪುಟ್ಟ ಲೋರಿ’ಯ ವಿಚಾರಕ್ಕೆ ಮರಳೋಣ. ಲೋರಿಗಳೆಂದರೆ ನ್ಯೂಗಿನಿಯ ಸುತ್ತಮುತ್ತಲಿನ ಬಣ್ಣಬಣ್ಣದ ಮಕರಂದಪ್ರಿಯ ಗಿಳಿಗಳು. ಅವುಗಳ ನಾಲಗೆಯ ತುದಿಯಲ್ಲಿ ಕುಂಚದಂತಹ ಎಳೆಗಳಿವೆ. ತೂಗುಗಿಳಿಯೂ ಮಕರಂದ ಹೀರುತ್ತದೆ, ಆದರೆ ಅದರ ನಾಲಗೆಯಲ್ಲಿ ಆ ಕುಂಚವಿಲ್ಲ. ಹಾಗಾದರೆ ಇದರ ನಿಜವಾದ ನಂಟರು ಯಾರು? ಸುಳಿವು ಸಿಕ್ಕಿದ್ದು ಗೂಡು ಕಟ್ಟುವ ಕ್ರಮದಲ್ಲಿ. ಹೆಣ್ಣು ತೂಗುಗಿಳಿ ಎಲೆಯನ್ನೋ ತೊಗಟೆಯನ್ನೋ ಕೊಕ್ಕಿನಿಂದ ಪಟ್ಟಿಪಟ್ಟಿಯಾಗಿ ಕತ್ತರಿಸಿ, ಆ ಪಟ್ಟಿಗಳನ್ನು ತನ್ನ ಬೆನ್ನಿನ ಕೆಳಭಾಗದ ಗರಿಗಳೊಳಗೆ ಸಿಕ್ಕಿಸಿಕೊಂಡು ಮರದ ಪೊಟರೆಗೆ ಹಾರುತ್ತದೆ. ತೋಟದ ಕೆಲಸದವರು ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗುವಂತೆ! ಗಿಳಿಗಳಲ್ಲಿ ಈ ವಿದ್ಯೆ ಅಪರೂಪ. ಇದನ್ನು ಬಲ್ಲ ಇನ್ನೊಂದು ಬಳಗವಿರುವುದು ಕಡಲಾಚೆಯ ಆಫ್ರಿಕಾದಲ್ಲಿ, ಅವೇ ಲವ್‌ಬರ್ಡ್‌ಗಳು. (ನಮ್ಮ ಪೇಟೆಯ ಅಂಗಡಿಗಳಲ್ಲಿ ಲವ್‌ಬರ್ಡ್ಸ್ ಎಂದು ಮಾರುವುದು ಹೆಚ್ಚಾಗಿ ಆಸ್ಟ್ರೇಲಿಯಾದ ಬಜರಿಗಾರ್ ಎಂಬ ಬೇರೆ ಹಕ್ಕಿಯನ್ನು. ಹೆಸರು ತಪ್ಪಿದರೆ ವ್ಯಾಪಾರ ನಿಲ್ಲುವುದಿಲ್ಲ.)

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿಲಿಯಂ ಡಿಲ್ಗರ್ 1962ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವನ್ನು ಅಧ್ಯಾಪಕರೆಲ್ಲ ತಿಳಿದಿರಬೇಕು. ಲವ್‌ಬರ್ಡ್‌ಗಳಲ್ಲಿ ಒಂದು ಪ್ರಭೇದ ಪಟ್ಟಿಗಳನ್ನು ಗರಿಯಲ್ಲಿ ಸಿಕ್ಕಿಸಿ ಒಯ್ಯುತ್ತದೆ, ಇನ್ನೊಂದು ಕೊಕ್ಕಿನಲ್ಲಿ ಹಿಡಿದು ಒಯ್ಯುತ್ತದೆ. ಇವೆರಡನ್ನು ಕೂಡಿಸಿ ಪಡೆದ ಮಿಶ್ರ ಸಂತಾನವು ಏನು ಮಾಡೀತು? ಅದು ಪಟ್ಟಿಯನ್ನು ಕತ್ತರಿಸುತ್ತದೆ, ಗರಿಗೆ ಸಿಕ್ಕಿಸಲು ತಿರುಗುತ್ತದೆ, ಸರಿಯಾಗಿ ಸಿಕ್ಕಿಸಲಾರದೆ ಬೀಳಿಸುತ್ತದೆ, ಮತ್ತೆ ಕತ್ತರಿಸುತ್ತದೆ. ಕೊಕ್ಕಿನಲ್ಲಿ ಹಿಡಿದರೆ ಸಾಕು ಎಂದು ಅದಕ್ಕೆ ಮನದಟ್ಟಾಗಲು ವರ್ಷಗಳೇ ಬೇಕಾದವು. ಆಮೇಲೆಯೂ ಹೊರಡುವ ಮೊದಲು ತಲೆಯನ್ನೊಮ್ಮೆ ಹಿಂದಕ್ಕೆ ತಿರುಗಿಸುವುದನ್ನು ಬಿಡಲಿಲ್ಲ. ಹುಟ್ಟಿನಿಂದ ಬಂದುದೆಷ್ಟು, ಕಲಿತುದೆಷ್ಟು ಎಂಬ ಪ್ರಶ್ನೆಗೆ ಇದಕ್ಕಿಂತ ಕಣ್ಣಿಗೆ ಕಟ್ಟುವ ಉತ್ತರವನ್ನು ನಾನು ಬಿ.ಎಡ್. ಪಠ್ಯಗಳಲ್ಲಿಯೂ ಕಂಡಿಲ್ಲ.

ಇತ್ತೀಚಿನ ದಶಕಗಳ ವಂಶವಾಹಿಗಳ ಅಧ್ಯಯನ ಈ ಸುಳಿವನ್ನು ಗಟ್ಟಿಗೊಳಿಸಿತು. ತೂಗುಗಿಳಿಯ ಹತ್ತಿರದ ಬಂಧು ಆಫ್ರಿಕಾ ಮತ್ತು ಮಡಗಾಸ್ಕರಿನ ಲವ್‌ಬರ್ಡ್ ಎಂಬುದು ಸಿದ್ಧವಾಯಿತು. ಇವೆರಡಕ್ಕೂ ಸೋದರಸಂಬಂಧಿಯಾಗಿ ಫಿಲಿಪ್ಪೀನ್ಸಿನ ಗ್ವಾಯಬೇರೊ ಎಂಬ ಇನ್ನೊಂದು ಪುಟ್ಟ ಗಿಳಿ ನಿಂತಿತು. ಈ ಮೂರರ ಬಳಗಕ್ಕೆ ನೆರೆಯ ಬಳಗವಾಗಿ ಲೋರಿಗಳು ಮತ್ತು ಬಜರಿಗಾರ್ ಬರುತ್ತವೆ. ಪಂಜರದ ಉದ್ದ ಬಾಲದ ಗಿಳಿಯ ಹತ್ತಿರ ಇವನ್ನು ಕೂರಿಸುತ್ತಿದ್ದ ಹಳೆಯ ಪುಸ್ತಕಗಳನ್ನು ತಿದ್ದಬೇಕಾಯಿತು. ನಮ್ಮ ತೋಟದಲ್ಲಿ ಎರಡು ಬಗೆಯ ಗಿಳಿಗಳು ಒಂದೇ ಮರದಲ್ಲಿ ಕುಳಿತಿದ್ದರೂ, ಚಿಕ್ಕದರ ಸಮೀಪದ ನಂಟರು ಇರುವುದು ಸಮುದ್ರದಾಚೆ. ಗಿಳಿಮರಿ ಎಂದು ಬರೆದ ಮಕ್ಕಳಿಗೆ ನಾನು ಮೊದಲು ಹೇಳಿದ ವಿಷಯ ಇದೇ.

ಇನ್ನು ಫಿಲಿಪ್ಪೀನ್ಸ್. ಅಲ್ಲಿ ಈ ಗಿಳಿಯನ್ನು ಕೊಲಸಿಸಿ ಎಂದು ಕರೆಯುತ್ತಾರೆ. ಲುಜಾನ್, ಮಿಂಡೊರೊ, ಸೆಬು, ಸಿಕಿಹೋರ್, ಮಿಂಡನಾವೊ ಎಂದು ದ್ವೀಪದಿಂದ ದ್ವೀಪಕ್ಕೆ ಅದರ ನೆತ್ತಿ, ಕೊರಳು, ಬೆನ್ನಿನ ಬಣ್ಣಗಳು ಸ್ವಲ್ಪ ಸ್ವಲ್ಪ ಬದಲಾಗುತ್ತವೆ. ಶಾಸ್ತ್ರಜ್ಞರು ಇವೆಲ್ಲವನ್ನು ಒಂದೇ ಪ್ರಭೇದವೆಂದು ಹಿಡಿದು, ಅದರೊಳಗೆ ಹತ್ತರಷ್ಟು ಉಪಪ್ರಭೇದಗಳನ್ನು ಮಾಡಿದರು. ಒಂದಕ್ಕೆ ವೂರ್ಸ್ಟರ್ ಎಂಬವನ ಹೆಸರಿದೆ. ಅವನು ವಿದ್ಯಾರ್ಥಿಯಾಗಿದ್ದಾಗ ಹಕ್ಕಿಗಳನ್ನು ಸಂಗ್ರಹಿಸಲು ಬಂದು, ಮುಂದೆ ಅಮೆರಿಕದ ಆಡಳಿತದಲ್ಲಿ ಆ ದೇಶವನ್ನಾಳಿದ ಅಧಿಕಾರಿಗಳಲ್ಲೊಬ್ಬನಾದನು. ಹಕ್ಕಿಗಳ ಹೆಸರಿನ ಪಟ್ಟಿಯಲ್ಲಿ ಆಳಿದವರ ನಾಮಾವಳಿಯೂ ಸೇರಿಕೊಂಡಿರುತ್ತದೆ.

ಉಪಪ್ರಭೇದವೆನ್ನುವುದು ಪುಸ್ತಕದ ಸೂಕ್ಷ್ಮವಷ್ಟೇ ಅಲ್ಲ. ಜಗತ್ತಿನ ಅಪಾಯಸ್ಥಿತಿಯ ಜೀವಿಗಳ ಕೆಂಪುಪಟ್ಟಿಯು ಹಕ್ಕಿಗಳ ವಿಷಯದಲ್ಲಿ ಪ್ರಭೇದಗಳನ್ನು ಎಣಿಸುತ್ತದೆ. ಫಿಲಿಪ್ಪೀನ್ಸಿನ ತೂಗುಗಿಳಿ ಆ ಪಟ್ಟಿಯಲ್ಲಿ ಸದ್ಯಕ್ಕೆ ಆತಂಕವಿಲ್ಲದ ಗುಂಪಿನಲ್ಲಿದೆ. ದೊಡ್ಡ ದ್ವೀಪಗಳಲ್ಲಿ ಅದರ ಸಂಖ್ಯೆ ಚೆನ್ನಾಗಿಯೇ ಇದೆ. ಆದರೆ ಕಾಡನ್ನು ಬಹುಪಾಲು ಕಳೆದುಕೊಂಡ ಸೆಬು ದ್ವೀಪದ ಉಪಪ್ರಭೇದವೂ ಸಿಕಿಹೋರಿನದೂ ಅಳಿದೇ ಹೋದವೆಂದೋ ಅಳಿವಿನ ಅಂಚನ್ನು ಮುಟ್ಟಿವೆಯೆಂದೋ ಬಲ್ಲವರು ಬರೆಯುತ್ತಾರೆ. ಒಂದು ದ್ವೀಪದ ಹಕ್ಕಿ ಪೂರ್ತಿಯಾಗಿ ಇಲ್ಲವಾದರೂ ಪಟ್ಟಿಯ ಸಾಲಿನಲ್ಲಿ ಒಂದಕ್ಷರ ಬದಲಾಗುವುದಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ಮಗುವಿಗೆ ಮಧ್ಯಾಹ್ನದೂಟದ ಲೆಕ್ಕದಲ್ಲಿ ಅಕ್ಕಿಯಿಲ್ಲ. ಶಾಲೆ ನಡೆಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸ್ವಂತದ ಒಂದು ಸಾಲು ಪಟ್ಟಿಯಲ್ಲಿ ಇರುವುದಕ್ಕೂ ಇಲ್ಲದಿರುವುದಕ್ಕೂ ಇರುವ ಅಂತರವನ್ನು ಗಡಿನಾಡಿನ ಕನ್ನಡಿಗರಿಗೂ ಹಾಗೆಯೇ.

ಇದೇ ದೇಶದ ಕಮಿಗಿನ್ ದ್ವೀಪದ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಮಿಂಡನಾವೊದ ಉತ್ತರ ತೀರದಿಂದ ಸುಮಾರು 10 ಕಿಲೋಮೀಟರ್ ದೂರದಲ್ಲಿರುವ ಪುಟ್ಟ ಅಗ್ನಿಪರ್ವತ ದ್ವೀಪ ಅದು. ಅಲ್ಲಿಯ ಹಿಬೋಕ್-ಹಿಬೋಕ್ ಪರ್ವತ 1951ರಲ್ಲಿಯೂ ಬೆಂಕಿಯುಗುಳಿ ಜನರನ್ನು ಬಲಿ ತೆಗೆದುಕೊಂಡಿತು. ಹಿಮಯುಗದಲ್ಲಿ ಸಮುದ್ರ ಇಳಿದಾಗಲೂ ಆ ದ್ವೀಪ ಮಿಂಡನಾವೊದೊಂದಿಗೆ ಕೂಡಿಕೊಳ್ಳಲಿಲ್ಲ; ನಡುವಣ ನೀರು ಅಷ್ಟು ಆಳ. 1960ರ ದಶಕದಲ್ಲಿ ಫಿಲಿಪ್ಪೀನ್ಸಿನ ಹೆಸರಾಂತ ಪ್ರಾಣಿಶಾಸ್ತ್ರಜ್ಞ ರಬೋರ್ ಅವರ ತಂಡ ಅಲ್ಲಿ ಸಂಗ್ರಹಿಸಿದ ತೂಗುಗಿಳಿಗಳ ಚರ್ಮಗಳು ಅಮೆರಿಕದ ಷಿಕಾಗೋದ ಫೀಲ್ಡ್ ಮ್ಯೂಸಿಯಂ ಸೇರಿದವು. ನೆರೆಯ ದ್ವೀಪದ ಗಿಳಿಯೆಂಬ ಲೆಕ್ಕದಲ್ಲಿ ಸುಮಾರು ನಲವತ್ತು ವರ್ಷ ಕಪಾಟಿನ ಸೆಳೆಖಾನೆಯಲ್ಲಿ ಮಲಗಿದ್ದವು.

ಕೊನೆಗೊಮ್ಮೆ ಕೆಲವು ಸಂಶೋಧಕರು ಆ ಸೆಳೆಖಾನೆಯನ್ನು ತೆರೆದು, ಹಕ್ಕಿಗಳನ್ನು ಸಾಲಾಗಿ ಜೋಡಿಸಿ ನೋಡಿದರು. ಫಿಲಿಪ್ಪೀನ್ಸಿನ ಇತರ ದ್ವೀಪಗಳಲ್ಲಿ ಗಂಡು ಹೆಣ್ಣುಗಳನ್ನು ಬಣ್ಣದಿಂದಲೇ ಬೇರ್ಪಡಿಸಬಹುದು. ಗಂಡಿನ ಕೊರಳಿನಲ್ಲಿ ಕೆಂಪು ಮಚ್ಚೆ, ಹೆಣ್ಣಿನ ಮುಖದಲ್ಲಿ ನೀಲಿ. ಕಮಿಗಿನ್ನಿನ ಹಕ್ಕಿಗಳಲ್ಲಿ ಗಂಡಿಗೂ ಹೆಣ್ಣಿಗೂ ಬಣ್ಣದ ಭೇದವೇ ಇರಲಿಲ್ಲ. ಎರಡರ ಮುಖ, ಕೊರಳುಗಳೂ ನೀಲಿ. ಅಳತೆಗಳೂ ನೆರೆಯವುಗಳಿಗೆ ಹೊಂದಲಿಲ್ಲ. 2006ರಲ್ಲಿ ಅವರು ಅದನ್ನು ಹೊಸ ಪ್ರಭೇದವೆಂದು ಘೋಷಿಸಿ ‘ಲೋರಿಕ್ಯುಲಸ್ ಕಮಿಗಿನೆನ್ಸಿಸ್’ ಎಂದು ಹೆಸರಿಟ್ಟರು. ಯಾವ ಅಧಿಕಾರಿಯ ಹೆಸರೂ ಇಲ್ಲ, ದ್ವೀಪದ ಹೆಸರೇ. ಅದೇ ಕಾಲದಲ್ಲಿ ಆ ದ್ವೀಪದ ಕಾಡಿನಿಂದ ಬೇರೆಲ್ಲಿಯೂ ಇಲ್ಲದ ಇಲಿಯ ಜಾತಿಗಳೂ ಗೊತ್ತಾದುದರಿಂದ, ಅಷ್ಟು ಚಿಕ್ಕ ದ್ವೀಪದ ಕಾಡಿಗೆ ತನ್ನದೇ ಬೆಲೆಯಿದೆಯೆಂದು ವಾದಿಸಲು ಆಧಾರ ಸಿಕ್ಕಿತು. ಹಕ್ಕಿ ಮೊದಲೂ ಅಲ್ಲಿಯೇ ಇತ್ತು. ಊರಿನವರು ದಿನವೂ ನೋಡುತ್ತಲೇ ಇದ್ದರು. ಹೊಸದಾಗಿ ಬಂದದ್ದು ಪಟ್ಟಿಯ ಸಾಲು ಮಾತ್ರ.

ಈ ತೀರ್ಮಾನವನ್ನು ಎಲ್ಲರೂ ಒಪ್ಪಿಲ್ಲ. ಕಮಿಗಿನ್ನಿನದು ಉಪಪ್ರಭೇದವೇ ಸರಿ ಎನ್ನುವವರಿದ್ದಾರೆ. ಅವರ ವಾದವನ್ನು ತಳ್ಳಿಹಾಕುವಂತಿಲ್ಲ. ಗರಿಯ ಬಣ್ಣದಲ್ಲಿ ಕೂದಲೆಳೆಯ ಅಂತರ ಕಂಡಲ್ಲೆಲ್ಲ ಹೊಸ ಹೆಸರಿಡುತ್ತ ಹೋದರೆ ಪಟ್ಟಿ ಉಬ್ಬುತ್ತದೆ, ಹೆಸರಿಟ್ಟವರ ಕೀರ್ತಿ ಹೆಚ್ಚುತ್ತದೆ, ಹಕ್ಕಿಗೆ ಪ್ರಯೋಜನವೇನೂ ಆಗುವುದಿಲ್ಲ. ಆದರೂ ನನ್ನ ಒಲವು ಸೆಳೆಖಾನೆ ತೆರೆದವರ ಕಡೆಗಿದೆ. ಸೂಲಾ ದ್ವೀಪದ ಗಿಳಿಯನ್ನೂ ಸಂಗಿಹೆಯದನ್ನೂ ಹಿಂದೆ ಹಲ್ಮಹೆರಾದ್ದರ ಉಪಪ್ರಭೇದಗಳೆಂದು ಸೇರಿಸಿದ್ದರು. ಬಿಸ್ಮಾರ್ಕಿನದನ್ನು ನ್ಯೂಗಿನಿಯದರೊಂದಿಗೆ ಸೇರಿಸಿದ್ದರು. ಅನಂತರ ಬೇರೆ ಮಾಡಿದರು. ಎರಡು ತಪ್ಪುಗಳಲ್ಲಿ ಯಾವುದು ಹೆಚ್ಚು ದುಬಾರಿ ಎಂದು ಕೇಳಿಕೊಳ್ಳಬೇಕು. ಒಂದನ್ನು ಎರಡೆಂದು ಬರೆದರೆ ಮುಂದೆ ಒಂದು ಸಾಲನ್ನು ಹೊಡೆದುಹಾಕಬಹುದು. ಎರಡನ್ನು ಒಂದೆಂದು ಬರೆದಿಟ್ಟು, ಆ ಎರಡನೆಯದು ಅಷ್ಟರಲ್ಲಿ ಕಣ್ಮರೆಯಾದರೆ ತಿದ್ದುವುದಕ್ಕೆ ಏನೂ ಉಳಿದಿರುವುದಿಲ್ಲ.

ಪಂಜರದ ವಿಚಾರವನ್ನು ಹೆತ್ತವರ ಎದುರಿಗೆ ಹೇಳದೆ ಮುಗಿಸಲಾರೆ. ಸುಮಾತ್ರಾದ ರಿಯಾವ್ ಪ್ರಾಂತ್ಯವು ತನ್ನ ನೀಲಿ ನೆತ್ತಿಯ ತೂಗುಗಿಳಿಯನ್ನು ‘ಸರಿಂದಿತ್’ ಎಂಬ ಹೆಸರಿನಲ್ಲಿ ನಾಡಿನ ಲಾಂಛನವಾಗಿ ಮಾಡಿಕೊಂಡಿದೆ; ಆದರೂ ಆ ಸೀಮೆಯ ಸಂತೆಗಳಲ್ಲಿ ಅದು ಪಂಜರದೊಳಗೆ ಮಾರಾಟವಾಗುತ್ತದೆ. ಗೌರವವೂ ಪಂಜರವೂ ಒಟ್ಟಿಗೆ ನಡೆಯುವುದು ನಮಗೂ ಹೊಸದಲ್ಲ. 1981ರಿಂದ ಕೆಲವೇ ಗಿಳಿಗಳ ಹೊರತಾಗಿ ಎಲ್ಲ ಗಿಳಿಗಳ ಅಂತಾರಾಷ್ಟ್ರೀಯ ವ್ಯಾಪಾರಕ್ಕೆ ಒಪ್ಪಂದದ ಕಟ್ಟುಪಾಡಿದೆ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಇಲ್ಲಿಯ ಯಾವ ಕಾಡುಗಿಳಿಯನ್ನೂ ಹಿಡಿಯುವುದು, ಮಾರುವುದು, ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧ. ‘ಮರಿ ಕೆಳಗೆ ಬಿದ್ದಿತ್ತು, ಕನಿಕರಕ್ಕೆ ತಂದೆವು’ ಎನ್ನುವವರಿದ್ದಾರೆ. ತೂಗುಗಿಳಿಯ ಗಾತ್ರವನ್ನು ಕಂಡು ಮರಿಯೆಂದು ತಿಳಿದು ತರುವವರೂ ಇದ್ದಾರೆ. ಅದು ಮರಿಯಲ್ಲ, ಬೆಳೆದ ಹಕ್ಕಿ, ಅದಕ್ಕೆ ಗೂಡಿನಲ್ಲಿ ಸಂಸಾರವಿರಬಹುದು. ಕಾಡಿನ ಹೂವು ಹಣ್ಣುಗಳ ಮೇಲೆ ಬದುಕುವ ಜೀವಕ್ಕೆ ಅನ್ನವೂ ಹಸಿಮೆಣಸೂ ಒಗ್ಗುವುದಿಲ್ಲ.

ಕೊನೆಯದಾಗಿ ಒಂದು ವ್ಯಾವಹಾರಿಕ ವಿಷಯ. ಜನವರಿಯಿಂದ ಏಪ್ರಿಲ್‌ವರೆಗೆ ನಮ್ಮ ಸೀಮೆಯ ತೂಗುಗಿಳಿ ಗೂಡು ಮಾಡುವ ಕಾಲ. ಒಣಗಿದ ಮರದ ಪೊಟರೆ, ಗೆಲ್ಲು ಮುರಿದ ಜಾಗದ ತೂತು, ಇಂತಹ ಕಡೆ ಮೂರೋ ನಾಲ್ಕೋ ಬಿಳಿಯ ಮೊಟ್ಟೆ ಇಡುತ್ತದೆ. ತೋಟವನ್ನು ಚೊಕ್ಕಟ ಮಾಡುವ ಭರದಲ್ಲಿ ನಾವು ಮೊದಲು ಕಡಿಯುವುದು ಅಂತಹ ಒಣಮರಗಳನ್ನೇ. ಆ ಮರಕ್ಕೆ ಮೇ ತಿಂಗಳವರೆಗೆ ಅವಧಿ ಕೊಡಬೇಕೆಂದು ತೋಟವುಳ್ಳ ಹಳೆ ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ. ಪೊಟರೆಯ ಬಾಯಲ್ಲಿ ಎಲೆಯ ಪಟ್ಟಿ ಹೊತ್ತ ಹಸಿರು ಹಕ್ಕಿಯನ್ನು ಕಂಡವರು ವಿಜ್ಞಾನ ಸಂಘದ ಅಧ್ಯಾಪಕರಿಗೆ ತಿಳಿಸಿ. ಮರದ ಹೆಸರು, ಜಾಗ, ದಿನಾಂಕ ಇಷ್ಟು ಸಾಕು. ಪಕ್ಷಿ ಪುಸ್ತಕದಲ್ಲಿ ಏಳನೆಯ ತರಗತಿಯವರು ಈ ಹಕ್ಕಿಗೆ ಒಂದು ಪುಟವನ್ನು ಬೇರೆಯೇ ತೆಗೆದಿಟ್ಟಿದ್ದಾರೆ. ಅದರಲ್ಲಿ ಈವರೆಗೆ ಆರು ನಮೂದುಗಳಿವೆ. ಐದು ಗುಡ್ಡದ ಕಡೆಯ ತೋಟಗಳಿಂದ, ಒಂದು ನಮ್ಮ ಶಾಲೆಯ ಹಿಂದಿನ ಬೂರುಗದ ಮರದಿಂದ.